ಪೂಜೆಗೆ ಮುಂಚಿನ ರೊಟ್ಟಿ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನರಗುಂದದ ತವರುಮನೆಯಿಂದ ರೋಣಕ್ಕೆ ನಾಯಿಮರಿಯನ್ನು ಬಸ್ಸಿನಲ್ಲಿ ತಂದ ದಿನ ಕಂಡಕ್ಟರ್ ನನ್ನ ಕಾಯಿಪಲ್ಲೆ ಚೀಲದೊಳಗೆ ಇಣುಕಿ, “ಹೆಣ್ಣಿದ್ರ ಫ್ರೀ ರೀ ಮೇಡಮ್, ಗಂಡಿದ್ರ ಟಿಕೆಟ್ ತಗಸಬೇಕಾಕ್ಕೈತಿ” ಎಂದನೆಂದೂ, ಬಸ್ಸಿಗೆ ಬಸ್ಸೇ ನಕ್ಕಿತೆಂದೂ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮೊನ್ನೆ ನನ್ನ ತಾಯಿ, ಆ ಮಾತು ಆಡಿದ್ದು ಕಂಡಕ್ಟರ್ ಅಲ್ಲ, ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹತ್ತಿಸಲು ಬಂದಿದ್ದ ತಾನು ಎಂದಳು. ಇರಬಹುದು. ಆದರೂ ನನಗೆ ಕೇಳಿಸುವುದು ಕಂಡಕ್ಟರನ ದನಿಯೇ. ಹೀಗಿರುವಾಗ ಮುಂದೆ ಬರೆಯುವುದನ್ನೆಲ್ಲ ನಾನೇ ಎಷ್ಟು ನಂಬಬೇಕೋ ಗೊತ್ತಿಲ್ಲ.

ಮರಿ ಗಂಡು, ಆಗ ಚಳಿಗಾಲ. ಇವೆರಡು ಖಚಿತ. ಆ ದಿನಗಳಲ್ಲಿ ಡೈರಿ ಬರೆಯುತ್ತಿದ್ದೆ, ಆದರೆ ಅದರಿಂದ ಸಹಾಯವಿಲ್ಲ. ಪುಟದ ಮೇಲೆ ಪುಟ “ಇವತ್ತೂ ತಿಂದಿತು” ಎಂದಷ್ಟೇ ಇದೆ. ಏನು ತಿಂದಿತು ಎಂದು ಬರೆಯಲು ನಾಚಿಕೆಯಾಗಿರಬೇಕು. ಈಗ ಬರೆಯುತ್ತೇನೆ. ಮರಿ ತನ್ನ ಹೇಲನ್ನು ತಾನೇ ತಿನ್ನುತ್ತಿತ್ತು.

ಮದುವೆಯಾಗಿ ನಾನು ರೋಣದ ಆ ಮನೆಗೆ ಬಂದಾಗ ಅಲ್ಲಿ ಪ್ರತಿಯೊಂದಕ್ಕೂ ಆಗಲೇ ಒಂದು ಜಾಗ ಗೊತ್ತಾಗಿತ್ತು. ಉಪ್ಪಿನ ಭರಣಿ ಎಲ್ಲಿ, ಛತ್ರಿ ಎಲ್ಲಿ, ಯಾವ ಮೊಳೆಗೆ ಯಾರ ಟವೆಲ್ ಎಂಬುದೆಲ್ಲ ನಮ್ಮ ಅತ್ತೆಗೆ ಕಣ್ಣು ಮುಚ್ಚಿದರೂ ಗೊತ್ತು. ನನ್ನ ಎಂ.ಎ. ಪುಸ್ತಕಗಳು ರಟ್ಟಿನ ಪೆಟ್ಟಿಗೆಯಲ್ಲಿ ಮಂಚದ ಕೆಳಗೇ ಉಳಿದವು. ಯಾರೂ ಬೇಡವೆಂದಿರಲಿಲ್ಲ, ನಾನೇ ಅವಕ್ಕೊಂದು ಜಾಗ ಕೇಳಲಿಲ್ಲ. ಅತ್ತೆ ಕೆಟ್ಟವರಲ್ಲ. ನಾನು ಕಾಲೇಜಿನಲ್ಲಿ ಪಾಠ ಹೇಳಲು ದಿನಾ ನರಗುಂದಕ್ಕೆ ಹೋಗಿಬರುವುದನ್ನು ಓಣಿಯವರ ಮುಂದೆ ಹೆಮ್ಮೆಯಿಂದಲೇ ಹೇಳುತ್ತಿದ್ದರು. ಆದರೆ ಆ ಮನೆಗೆ ನಾನಾಗಿ ತಂದು, ಇದು ಇಲ್ಲಿರಲಿ ಎಂದು ಬಾಯಿಬಿಟ್ಟು ಕೇಳಿದ ಮೊದಲನೆಯದು ಆ ಮರಿ. ಹಾಗಾಗಿ ಅದು ಉಳಿಯುತ್ತದೋ ಹೋಗುತ್ತದೋ ಎಂಬುದು ನನಗೆ ಬರೀ ನಾಯಿಯ ಮಾತಾಗಿರಲಿಲ್ಲ.

“ಇರಲಿ ಬಿಡು. ಆದ್ರ ಹಿತ್ತಲದಾಗ ಇರಬೇಕು, ತಂದಾಕಿ ನೀ, ಹೊಲಸೂ ನೀನ ತಗೀಬೇಕು” ಎಂದು ಅತ್ತೆ ಒಪ್ಪಿದ್ದರು.

ತೆಗೆಯಲು ನಾನು ತಯಾರಿದ್ದೆ. ಆದರೆ ತೆಗೆಯಲು ಏನೂ ಇರುತ್ತಿರಲಿಲ್ಲ. ಮೊದಲ ಕೆಲವು ದಿನ ಹಿತ್ತಲು ಇಷ್ಟು ಸ್ವಚ್ಛವಿರುವುದು ನೋಡಿ, ಮರಿ ಪಕ್ಕದ ಖಾಲಿ ಜಾಗಕ್ಕೆ ಹೋಗಿಬರುತ್ತದೆ, ಎಷ್ಟು ಜಾಣ ಎಂದುಕೊಂಡಿದ್ದೆ. ಒಂದು ಮುಂಜಾನೆ ಹಲ್ಲುಜ್ಜುತ್ತ ನಿಂತಾಗ ಕಣ್ಣಾರೆ ಕಂಡೆ. ಕರಿಬೇವಿನ ಗಿಡದ ಬುಡದಲ್ಲಿ ಕುಳಿತು ಎದ್ದಿತು, ತಿರುಗಿತು, ಮೂಸಿತು, ತಿಂದಿತು. ನಾನು ಬ್ರಷ್ ಬಾಯಲ್ಲಿಟ್ಟುಕೊಂಡೇ ಕೂಗಿದೆ. ಅದು ನನ್ನ ಕಡೆ ನೋಡುತ್ತ ಇನ್ನಷ್ಟು ಗಡಬಡಿಸಿ ನುಂಗಿತು.

ಅಂದಿನಿಂದ ನನಗೂ ಅದಕ್ಕೂ ಪೈಪೋಟಿ. ಬೆಳಗಾಗುವುದರಲ್ಲಿ ಅತ್ತೆ ಎದ್ದು ಹಿತ್ತಲ ಬಾಗಿಲು ತೆಗೆದು, ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ಹಾಕಿ ನೀರು ಕಾಯಿಸಲು ಇಡುತ್ತಿದ್ದರು. ಬಾಗಿಲಿನ ಸಪ್ಪಳಕ್ಕೆ ನಾನು ಎದ್ದು ಸಲಿಕೆ ಹುಡುಕಿ ಓಡುವಷ್ಟರಲ್ಲಿ ಮರಿ ಕೆಲಸ ಮುಗಿಸಿ ಬಾಯಿ ನೆಕ್ಕಿಕೊಳ್ಳುತ್ತ ಕುಳಿತಿರುತ್ತಿತ್ತು. ಅತ್ತೆ ಕಸಬರಿಗೆ ಎತ್ತಿಕೊಂಡು ಅಟ್ಟಿಸಿದರೆ ಅದು ಆಟವೆಂದು ತಿಳಿಯುತ್ತಿತ್ತು.

ಸುದ್ದಿ ಕೇಳಿ ನನ್ನ ಗಂಡ ಖಾರಪುಡಿ ಉದುರಿಸಲು ಹೇಳಿದರು. ಒಂದು ದಿನ ಹೇಗೋ ಮರಿಗಿಂತ ಮೊದಲು ತಲುಪಿ ಉದುರಿಸಿದೆ. ಮರಿ ಮೂಸಿತು, ತಲೆ ಝಾಡಿಸಿ ಸೀನಿತು, ಒಂದು ಸುತ್ತು ಹಾಕಿ ಬಂದು ತಿಂದಿತು.

“ರೊಟ್ಟಿ ಜೋಡಿ ಕೆಂಪ ಚಟ್ನಿ ತಿನ್ನೂ ಊರಾಗ ಬಂದೈತಿ. ಖಾರಕ್ಕ ಹೆದರತೈತೇನ ಅದು?” ಎಂದು ಅವರು ನಕ್ಕು ತಮ್ಮ ಅಂಗಡಿಗೆ ಹೋದರು.

ಆಮೇಲೆ ಅನಾನಸ್. ಊಟದಲ್ಲಿ ಅನಾನಸ್ ಬೆರೆಸಿದರೆ ಹೊಲಸಿನ ರುಚಿ ಕೆಟ್ಟು ನಾಯಿ ಅದನ್ನು ಬಿಡುತ್ತದೆ ಎಂದು ಫೋನಿನಲ್ಲಿ ಓದಿದ್ದೆ. ಬೂದಿ ಸುರಿದು ಮುಚ್ಚಿದ್ದು ಅದಕ್ಕೂ ಮೊದಲೋ ಆಮೇಲೋ ನೆನಪಿಲ್ಲ. ಅನಾನಸ್ ಮಾತ್ರ ಚೆನ್ನಾಗಿ ನೆನಪಿದೆ, ಏಕೆಂದರೆ ಮರಿ ಅದನ್ನು ಒಂದು ಸಲ ನೆಕ್ಕಿ ದೂರ ಸರಿದು ಕುಳಿತಿತು. ಉಳಿದದ್ದನ್ನು ಅತ್ತೆ ಉಪ್ಪು ಹಚ್ಚಿಕೊಂಡು ತಿನ್ನುತ್ತ, “ನಾಯಿ ಹೆಸರಿಲೆ ನನಗಾರ ಹಣ್ಣ ಸಿಕ್ತು ನೋಡವಾ” ಎಂದರು.

ಅಲ್ಲಿಯವರೆಗೆ ಎಲ್ಲ ನಗೆಯಲ್ಲೇ ನಡೆದಿತ್ತು. ಕೆಟ್ಟದ್ದು ಪೂಜೆಯ ಹೊತ್ತಿನಲ್ಲಿ.

ಅತ್ತೆ ಅಂಗಳ ಗುಡಿಸಿ, ರಂಗೋಲಿ ಹಾಕಿ, ಜಳಕ ಮಾಡಿ ಪಡಸಾಲೆಯ ಮೂಲೆಯಲ್ಲಿ ಮಣೆಯ ಮೇಲೆ ಲಿಂಗಪೂಜೆಗೆ ಕೂಡುತ್ತಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೇ ದೃಷ್ಟಿ. ಆ ಹೊತ್ತಿನಲ್ಲಿ ಅವರು ಯಾರು ಕರೆದರೂ ಓಗೊಡುವುದಿಲ್ಲ. ಪೂಜೆ ಮುಗಿಯುವವರೆಗೆ ಮನೆಯಲ್ಲಿ ಯಾರೂ ಏನೂ ತಿನ್ನುವಂತಿಲ್ಲ. ಚಹಾ ನಡೆಯುತ್ತದೆ, ಅದು ಆಹಾರದ ಲೆಕ್ಕಕ್ಕಿಲ್ಲ. ಎಂಟೂವರೆ, ಕೆಲವೊಮ್ಮೆ ಒಂಬತ್ತಕ್ಕೆ ಅವರು ಎದ್ದ ಮೇಲೇ ಹಂಚು ಒಲೆ ಏರಬೇಕು. ಒಂದು ದಿನ ಹಿತ್ತಲ ಬಾಗಿಲ ಚಿಲಕ ಸರಿಯಾಗಿ ಬಿದ್ದಿರಲಿಲ್ಲವೋ ಏನೋ, ಮರಿ ಒಳಗೆ ಬಂತು. ಬಂದು ಅತ್ತೆಯ ಹಿಂದೆ ನಿಂತು ಅವರ ಹಿಮ್ಮಡಿಯನ್ನು ನೆಕ್ಕತೊಡಗಿತು. ಅಂಗೈಯಲ್ಲಿ ಲಿಂಗವಿರುವ ಹೆಂಗಸು ಕೊಸರುವಂತಿಲ್ಲ, ಒದೆಯುವಂತಿಲ್ಲ. ನಾನು ಅಡುಗೆಮನೆಯಿಂದ ಓಡಿಬಂದು ಎತ್ತಿಕೊಂಡಾಗ ಅವರ ಕಣ್ಣು ಲಿಂಗದ ಮೇಲೇ ಇತ್ತು.

ಅವರು ಚಳಿಯಲ್ಲಿ ಮತ್ತೆ ಜಳಕ ಮಾಡಿ, ಪೂಜೆಯನ್ನು ಮತ್ತೆ ಮೊದಲಿನಿಂದ ಮಾಡಿದರು. ಎದ್ದು ಬಂದು ಹೇಳಿದ್ದು ಒಂದೇ ಮಾತು.

“ಯುಗಾದಿಗೆ ಮಗಳ ಬರತಾಳ ಗಜೇಂದ್ರಗಡದಿಂದ. ಹೋಗೂಮುಂದ ಗಾಡ್ಯಾಗ ಇದನ್ನ ಒಯ್ಯಲಿ. ಅವರ ಸೂಡಿ ಊರ ಹೊಲದಾಗ ಬಿಡಲಿ. ಅಲ್ಲಿ ಯಾರ ಪೂಜಾನೂ ಇಲ್ಲ, ತನ್ನದ ತಾ ಎಷ್ಟರ ತಿಂದಕೋತ ಇರಲಿ ಭಾಡ್ಯಾ.”

“ಅಷ್ಟರಾಗ ಬಿಡಿಸಿದ್ರ?” ಎಂದೆ.

“ಬಿಡಿಸು ನೋಡೂಣು” ಎಂದರು.

ಮರಿಯನ್ನು ಅದೇ ಕಾಯಿಪಲ್ಲೆ ಚೀಲದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದೆ. ನನ್ನ ಹಿಂದೆ ಒಬ್ಬರು ಎಮ್ಮೆ ಹಿಡಿದು ನಿಂತಿದ್ದರು. ಏನಾಗಿದೆ ಎಂದು ಡಾಕ್ಟರ್ ಕೇಳಿದಾಗ ನಾನು ದನಿ ತಗ್ಗಿಸಿ, “ತನ್ನದ ತಾನ ತಿಂತೈತ್ರಿ” ಎಂದೆ.

“ಹಿತ್ತಲ ಸ್ವಚ್ಛ ಇರತೈತಲ್ರಿ ಯವ್ವಾ, ಚಲೋನ ಆತು!” ಎಂದರು ಎಮ್ಮೆಯವರು.

ಡಾಕ್ಟರ್ ನಗಲಿಲ್ಲ. ಮರಿಯ ಹೊಟ್ಟೆ ಒತ್ತಿ ನೋಡಿ, “ರಾತ್ರಿ ಎಷ್ಟಕ್ಕ ಹಾಕ್ತೀರಿ?” ಎಂದರು.

“ಎಂಟಕ್ಕ.”

“ಮುಂಜಾನೆ?”

“ಪೂಜಾ ಆದಮ್ಯಾಲೆ.”

“ಪೂಜಾ ಕೇಳಲಿಲ್ರಿ ಮೇಡಮ್, ಟೈಮ್ ಕೇಳಿದೆ.”

ಒಂಬತ್ತಾಗುತ್ತದೆ ಎಂದೆ. ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ಇಷ್ಟು ಸಣ್ಣ ಮರಿ ಅಷ್ಟು ಹೊತ್ತು ಹಸಿವು ತಡೆಯುವುದಿಲ್ಲ, ಎದ್ದ ಕೂಡಲೇ ಅದರ ಬಾಯಿಗೆ ಏನಾದರೂ ಬೀಳಬೇಕು, ಬೀಳದಿದ್ದರೆ ಎದುರಿಗೆ ಸಿಕ್ಕಿದ್ದನ್ನು ತಿನ್ನುತ್ತದೆ ಎಂದರು. ಹೊಟ್ಟೆಯಲ್ಲಿ ಜಂತೂ ಇರಬಹುದೆಂದು ಗುಳಿಗೆ ಕೊಟ್ಟರು. “ಇನ್ನೊಂದು. ತಿನ್ನೂದ ಕಂಡ ಕೂಡಲೆ ಒದರಕೋತ ಓಡಬ್ಯಾಡ್ರಿ. ಕಸಗೊಳ್ಳಾಕ ಬಂದ್ರು ಅಂತ ಅದು ಲಗೂ ಲಗೂ ನುಂಗತೈತಿ. ಸುಮ್ಮನ ಬ್ಯಾರೆ ಕಡೆ ಕರದು, ಆಮ್ಯಾಲೆ ತಗೀರಿ.”

ಗುಳಿಗೆ ಸುಲಭ. ಕೂಗದೆ ಇರುವುದು ಸ್ವಲ್ಪ ಕಷ್ಟ. ಎದ್ದ ಕೂಡಲೇ ಹೊಟ್ಟೆಗೆ ಹಾಕುವುದೇ ದೊಡ್ಡ ಮಾತು. ಅತ್ತೆ ಶೇಂಗಾ ಸುಲಿಯುತ್ತ ಕುಳಿತಾಗ ಹೇಳಿದೆ.

“ಲಿಂಗಕ್ಕಿಂತ ಮದ್ಲ ನಾಯಿಗೇನು?” ಎಂದರು.

“ಡಾಕ್ಟರ್ ಹೇಳ್ಯಾರ್ರಿ ಅತ್ಯಾರ. ರಾತ್ರಿ ಉಳದ ರೊಟ್ಟಿ ಹಾಲಾಗ ನೆನಸಿ ಹಾಕಿದ್ರ ಸಾಕು. ಒಲಿ ಹಚ್ಚೂದೂ ಬ್ಯಾಡ.”

“ಡಾಕ್ಟರ್ ಮನ್ಯಾಗ ಪೂಜಾ ಮಾಡತಾರೋ ಇಲ್ಲೋ, ಅದನ್ನ ಕೇಳಿದೇನ?” ಎಂದು ಅವರು ಒಂದು ಶೇಂಗಾ ಒಡೆದರು. “ನೋಡವಾ, ನಾ ಈ ಮನಿಗೆ ಬಂದಾಗಿಂದ ಪೂಜಾ ಆಗೂತನ ಹೊಟ್ಟೀಲೆ ಹುಟ್ಟಿದ ಮಗಳ ಬಾಯಾಗೂ ತುತ್ತ ಇಟ್ಟಿಲ್ಲ. ಈಗ ನಾಯಿಗಿ ಇಡಲೇನು?”

ಕಪಾಟಿನಲ್ಲಿ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಂಡು ಗುಟ್ಟಾಗಿ ಹಾಕಬಹುದಿತ್ತು. ಓಣಿಯ ಕಿರಾಣಿ ಅಂಗಡಿಯ ಮುಂದೆ ನಿಂತು ಯೋಚಿಸಿದ್ದೂ ನೆನಪಿದೆ. ಕೊಳ್ಳಲಿಲ್ಲ. ಆಗ ಅದನ್ನು ಅತ್ತೆಯ ಮೇಲಿನ ಗೌರವ ಎಂದುಕೊಂಡೆ. ಮರಿ ಕದ್ದು ತಿಂದು ಉಳಿಯುವುದಕ್ಕಿಂತ, ಅದಕ್ಕೆ ಅವರೇ ಜಾಗ ಕೊಟ್ಟು ಉಳಿಸಿಕೊಳ್ಳಲಿ ಎಂಬ ಹಟವೂ ಇತ್ತೆಂದು ಈಗ ಅನ್ನಿಸುತ್ತದೆ. ಹಟಕ್ಕೆ ಮರಿಯ ಹೊಟ್ಟೆಯನ್ನು ಒಡ್ಡಿದೆನೇ? ಗೊತ್ತಿಲ್ಲ.

ಗುಳಿಗೆ ಹಾಕಿದ ಮೇಲೆ ಸ್ವಲ್ಪ ಕಡಿಮೆಯಾಯಿತು. ಮಧ್ಯಾಹ್ನ, ಸಂಜೆ ಅದು ತನ್ನ ಹೊಲಸಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮುಂಜಾನೆ ಮಾತ್ರ ಬಿಡಲಿಲ್ಲ. ಡಾಕ್ಟರ್ ಹೇಳಿದಂತೆ ಕೂಗದೆ ಕೈತಟ್ಟಿ ಕರೆದರೆ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಯುಗಾದಿ ಹತ್ತಿರ ಬರುತ್ತಿತ್ತು.

ನಮ್ಮ ಹಿತ್ತಲ ಗೋಡೆಯ ಆಚೆ ಬ್ಲೌಸು ಹೊಲಿಯುವ ಆಪಾ ಇದ್ದಾರೆ. ಓಣಿಯ ಹೆಂಗಸರೆಲ್ಲರ ಅಳತೆ ಅವರಿಗೆ ಬಾಯಿಪಾಠ. ಆಗ ಅವರ ರಂಜಾನ್ ಉಪವಾಸದ, ರೋಜಾದ ದಿನಗಳು. ಒಂದು ಮುಂಜಾನೆ ಅವರು ಕೋಳಿಗಳಿಗೆ ನುಚ್ಚು ಚೆಲ್ಲುತ್ತಿದ್ದಾಗ ಮರಿ ಗೋಡೆಯ ಬುಡದಲ್ಲಿ ನಿಂತು ಕುಂಯ್‌ಗುಡುತ್ತಿತ್ತು. ಅತ್ತೆ ಜಳಕಕ್ಕೆ ಹೊರಟಿದ್ದರು, ನಾನು ಸಲಿಕೆ ಹಿಡಿದು ನಿಂತಿದ್ದೆ.

“ಏನ ಕಾಕಿ, ನಾಯಿಗೂ ಉಪಾಸ ಹಿಡಸೀರಂತ?” ಎಂದರು ಆಪಾ ಗೋಡೆಯ ಮೇಲಿಂದ.

“ನಿನ್ನ ಕಿವಿಗಿ ಯಾರ ಹಾಕಿದ್ರ? ನಮ್ಮ ಮನ್ಯಾಗ ಪೂಜಾ ಆಗೂತನ ಯಾರೂ ಉಣ್ಣಂಗಿಲ್ಲ. ನೀ ಹೊತ್ತ ಮುಳಗೂತನ ನೀರ ಸೈತ ಕುಡಿಯಂಗಿಲ್ಲಲ್ಲ, ಹಂಗ.”

“ರೋಜಾ ನಂದು ಕಾಕಿ, ಕೋಳೀದಲ್ಲ” ಎಂದು ಆಪಾ ನಗುತ್ತ ಇನ್ನೊಂದು ಹಿಡಿ ನುಚ್ಚು ಚೆಲ್ಲಿದರು.

“ನಿನ್ನ ಕೋಳಿ ಗ್ವಾಡಿ ಹಾರಿ ಬಂದು ನನ್ನ ಕೊತಂಬ್ರಿ ತಿಂತಾವು. ಅವಕ್ಕ ಮದ್ಲ ರೋಜಾ ಹಿಡಸು ನೀ!” ಎಂದು ಅತ್ತೆಯೂ ಬಿಡಲಿಲ್ಲ. ಇಬ್ಬರೂ ನಕ್ಕರು. ಅತ್ತೆ ಬಚ್ಚಲಿಗೆ ಹೋದರು. ಹೋಗುವ ಮುಂಚೆ ಒಂದು ಕ್ಷಣ ನಿಂತು ಮರಿಯ ಕಡೆ ನೋಡಿದಂತೆ ನನಗೆ ನೆನಪು. ಮುಂದೆ ಆದದ್ದು ಗೊತ್ತಿರುವುದರಿಂದ ಆ ನೋಟವನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು.

ಇನ್ನು ನಾನು ಹೇಳಬೇಕಾದದ್ದು ಒಂದು ಮುಂಜಾನೆಯ ಮಾತು. ಆಪಾ ಹಾಗೆ ಅಂದ ಮರುದಿನವೋ, ಅದರ ಆಚೆಯ ದಿನವೋ.

ಎಚ್ಚರಾದಾಗ ಬಾಗಿಲಿನ ಸಪ್ಪಳ ಕೇಳಿದ ನೆನಪಿಲ್ಲ. ತಡವಾಯಿತೆಂದು ಗಾಬರಿಯಿಂದ ಹಿತ್ತಲಿಗೆ ಬಂದೆ. ಬೆಳಕು ಆಗಷ್ಟೇ ಬರುತ್ತಿತ್ತು. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಅವರ ಮುಂದೆ ಹಳೆಯ ಅಲ್ಯುಮಿನಿಯಂ ಬೋಗುಣಿ. ಮರಿ ಅದರೊಳಗೆ ಮೂತಿ ಇಟ್ಟು ಬಾಲ ಅಲ್ಲಾಡಿಸುತ್ತ ಹಾಲಿನಲ್ಲಿ ನೆನೆದ ರೊಟ್ಟಿ ತಿನ್ನುತ್ತಿತ್ತು. ಅತ್ತೆ ಅದರ ಬೆನ್ನ ಮೇಲೆ ಕೈ ಇಟ್ಟಿರಲಿಲ್ಲ. ಕೈ ಬೆನ್ನಿನ ಹತ್ತಿರ, ಮುಟ್ಟಿಯೂ ಮುಟ್ಟದ ಹಾಗಿತ್ತು. ನನ್ನ ಹೆಜ್ಜೆಯ ಸಪ್ಪಳಕ್ಕೆ ಅವರು ತಿರುಗಿದರು.

ಅವರ ಹಣೆಯ ಮೇಲೆ ವಿಭೂತಿ ಇರಲಿಲ್ಲ.

ಹೀಗೆ ಬರೆದೆ. ಬರೆದು ನೋಡಿದಾಗ ಖಾತ್ರಿ ಉಳಿಯಲಿಲ್ಲ. ಬೆಳಕು ಅವರ ಹಿಂದಿನಿಂದ ಬರುತ್ತಿತ್ತು, ಮುಖ ಕಪ್ಪಾಗಿ ಕಾಣುತ್ತಿತ್ತು. ತಲೆಯ ಮೇಲೆ ಸೆರಗಿತ್ತು. ಊದಿನಕಡ್ಡಿಯ ವಾಸನೆ ಇತ್ತೇ ಎಂದು ನೆನೆಸಿಕೊಂಡರೆ ಕೆಲವೊಮ್ಮೆ ಇತ್ತೆನ್ನಿಸುತ್ತದೆ, ಆದರೆ ಆ ಮನೆಯ ಪಡಸಾಲೆಗೆ ಯಾವಾಗಲೂ ಆ ವಾಸನೆ ಇದ್ದೇ ಇರುತ್ತದೆ. ಬೋಳು ಹಣೆ ನಾನು ಕಂಡದ್ದೋ, ಕಾಣಬೇಕೆಂದಿದ್ದದ್ದೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾನು ತಂದದ್ದಕ್ಕಾಗಿ ಅವರು ತಮ್ಮ ನೇಮವನ್ನು ಒಂದು ದಿನವಾದರೂ ಮುರಿದರು ಎಂದು ನಂಬಲು ನನ್ನ ಮನಸ್ಸಿಗೆ ಆಸೆಯಿತ್ತು. ಅಂಥ ಮನಸ್ಸು ಹೇಳುವ ಸಾಕ್ಷಿ ಎಷ್ಟರದು?

“ಪೂಜಾ ಲಗೂ ಮುಗಿಸಿಬಿಟ್ಟೆ. ಬ್ಯಾಸಗಿ ಬಂತಲ್ಲ, ಹೊತ್ತೇರಿದಮ್ಯಾಲೆ ಸೆಕಿ” ಎಂದು ಅತ್ತೆ ಎದ್ದು ಒಳಗೆ ಹೋದರು. ನಾನು ಏನೂ ಕೇಳಿರಲಿಲ್ಲ.

ಮರಿ ಬೋಗುಣಿಯನ್ನು ನೆಕ್ಕಿ ನೆಕ್ಕಿ ಗೋಡೆಯವರೆಗೆ ತಳ್ಳಿಕೊಂಡು ಹೋಯಿತು. ಆಮೇಲೆ ಕರಿಬೇವಿನ ಗಿಡದ ಬುಡಕ್ಕೆ ಹೋಗಿ ಕುಳಿತಿತು, ಎದ್ದಿತು, ತಿರುಗಿತು, ಮೂಸಿತು. ನಾನು ಕೂಗದೆ ನಿಂತೆ. ಅದು ಹಿಂಗಾಲಿನಿಂದ ಒಂದಿಷ್ಟು ಮಣ್ಣು ಕೆದರಿ, ಬಿಸಿಲು ಬೀಳುವ ಜಾಗ ನೋಡಿಕೊಂಡು ಮಲಗಿತು. ಹೊಲಸು ಇದ್ದಲ್ಲೇ ಇತ್ತು, ಇಡಿಯಾಗಿ. ಹೇಲು ಕಂಡು ಅಷ್ಟು ಸಂತೋಷಪಟ್ಟಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಹಬ್ಬದ ಕೆಲಸದಂತೆ ಅದನ್ನು ಸಲಿಕೆಯಲ್ಲಿ ತೆಗೆದುಕೊಂಡು ಹೋಗಿ ತಿಪ್ಪೆಗೆ ಹಾಕಿ ಬಂದೆ.

ಮರುದಿನದಿಂದ ಅತ್ತೆ ನಿಜವಾಗಿಯೂ ಬೇಗ ಏಳತೊಡಗಿದರು. ಇದರಲ್ಲಿ ನನಗೆ ಅನುಮಾನವಿಲ್ಲ. ಹೊತ್ತು ಹುಟ್ಟುವಷ್ಟರಲ್ಲಿ ಅವರ ಪೂಜೆ ಮುಗಿದಿರುತ್ತಿತ್ತು, ಹಣೆಯ ಮೇಲೆ ವಿಭೂತಿ ಎದ್ದು ಕಾಣುತ್ತಿತ್ತು, ಆಮೇಲೆ ಬೋಗುಣಿ. ನೇಮ ಹಾಗೇ ಉಳಿಯಿತು, ಅದರ ಹೊತ್ತು ಮಾತ್ರ ಬದಲಾಯಿತು. ಮರಿ ನಡುವೆ ಒಂದು ಸಲ ಮತ್ತೆ ತಿಂದಿತು. ನಾವು ಇಬ್ಬರೂ ಕೂಗಲಿಲ್ಲ. ಆಮೇಲೆ ಬಿಟ್ಟೇಬಿಟ್ಟಿತು. ಬಿಡಿಸಿದ್ದು ಗುಳಿಗೆಯೋ, ರೊಟ್ಟಿಯೋ, ಮರಿ ತಾನೇ ದೊಡ್ಡದಾಗಿ ಬಿಟ್ಟಿತೋ, ನಾನು ಹೇಳಲಾರೆ.

ಯುಗಾದಿಗೆ ನಾದಿನಿ ಗಜೇಂದ್ರಗಡದಿಂದ ಬಂದಳು. ಹಬ್ಬದ ಮುಂಜಾನೆ ಬೇಗ ಎದ್ದು ಬಂದವಳು, ತಾಯಿ ಆಗಲೇ ವಿಭೂತಿ ಹಚ್ಚಿಕೊಂಡು ನಾಯಿಗೆ ರೊಟ್ಟಿ ಮುರಿದು ಹಾಕುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತಳು.

“ಏನಬೇ ಯವ್ವಾ, ಪೂಜಾ ಇಷ್ಟ ಲಗೂ?”

“ಸೆಕಿ ಆಕ್ಕೈತಿ” ಎಂದರು ಅತ್ತೆ.

“ಸೆಕಿ ನನ್ನ ಸಾಲಿ ದಿನದಾಗ ಇರಲಿಲ್ಲೇನು? ಪೂಜಾ ಆಗಿಲ್ಲಂತ ಬರೇ ಹೊಟ್ಟೀಲೆ ಕಳಸ್ತಿದ್ದಿ. ಪ್ರಾರ್ಥನಾಕ್ಕ ನಿಂತಾಗ ಚಕ್ಕರ ಬಂದು ಬಿದ್ದಿದ್ದೆ. ನೆನಪೈತಿಲ್ಲೋ?”

“ಆವಾಗಿನ ಮಾತ ಈಗ್ಯಾಕ. ಬೇವ ತಂದಾರ, ಸ್ವಚ್ಛ ಮಾಡಬಾ.”

ನಾದಿನಿ ನಗುತ್ತಲೇ ಅಂದಿದ್ದಳು, ನಗುತ್ತಲೇ ಬೇವು ಬಿಡಿಸಲು ಕುಳಿತಳು. ಮರುದಿನ ಹೊರಡುವಾಗ ಅವಳು ಗಾಡಿಯ ಹಿಂದಿನ ಬಾಗಿಲು ತೆಗೆದು, “ಎಲ್ಲೈತಿ ನಿಮ್ಮ ನಾಯಿ? ಒಯ್ಯಂತ ಫೋನಿನ್ಯಾಗ ಹೇಳಿದ್ದಿಯಲ್ಲ” ಎಂದು ತಾಯಿಯನ್ನು ಕೇಳಿದಳು. ನಾನು ಬಾಗಿಲ ಹತ್ತಿರ ಮರಿಯನ್ನು ಎತ್ತಿಕೊಂಡು ನಿಂತಿದ್ದೆ. ಬಿಡಿಸಿದ್ದೇನೆ ಎಂಬ ಧೈರ್ಯವಿದ್ದರೂ ಕೈ ಬಿಗಿಯಾಗಿತ್ತು.

“ಬ್ಯಾಡ. ಇಲ್ಲೇ ಇರಲಿ” ಎಂದರು ಅತ್ತೆ. “ಸೂಡಿ ಹೊಲದಾಗ ಅದಕ್ಕ ಮುಂಜಾನೆ ಯಾರ ಹಾಕ್ಬೇಕು?”

ನಾನು ಗೆದ್ದಿದ್ದೆ. ಗೆದ್ದ ಸಂತೋಷ ನಾದಿನಿ ಗಾಡಿ ಹತ್ತುವವರೆಗೂ ಉಳಿಯಲಿಲ್ಲ. ಅವಳು ನನ್ನ ಕೈಯಲ್ಲಿದ್ದ ಮರಿಯ ತಲೆ ಸವರಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

“ನನ್ನ ಸಲುವಾಗೂ ಒಂದ ತಾಸ ಲಗೂ ಏಳಬಹುದಿತ್ತಲ್ಲ ವೈನಿ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಹಿಂದೆ ತಿರುಗಿ ನೋಡಿದರೆ ಅತ್ತೆ ಮೆಟ್ಟಿಲ ಮೇಲೆ ನಿಂತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಗಾಡಿ ಓಣಿ ತಿರುಗುವವರೆಗೂ ಅವರು ಒಳಗೆ ಹೋಗಲಿಲ್ಲ.

ಈಗ ಆ ಮರಿ ದೊಡ್ಡ ನಾಯಿ. ಹಿತ್ತಲಿನಲ್ಲಿ ಅದರ ಬೋಗುಣಿಗೆ ಒಂದು ಜಾಗವಿದೆ, ಬೇರೆ ಕಡೆ ಇಟ್ಟರೆ ಅತ್ತೆ ಮತ್ತೆ ಅಲ್ಲೇ ತಂದಿಡುತ್ತಾರೆ. ನನ್ನ ಪುಸ್ತಕಗಳು ಪಡಸಾಲೆಯ ಗೂಡಿಗೆ ಬಂದಿವೆ, ಯಾವಾಗ ಬಂದವೆಂದು ನೆನಪಿಲ್ಲ. ಈ ಬರಹ ಶುರುಮಾಡಿದ ಮೇಲೆ ಆ ಒಂದು ಮುಂಜಾನೆಯನ್ನು ಅನುಮಾನದಲ್ಲೇ ಬಿಡಲು ಮನಸ್ಸಾಗಲಿಲ್ಲ. ಪೂಜೆ ಆಗಿತ್ತೆಂದರೆ ಅತ್ತೆ ಹೊತ್ತು ಬದಲಿಸಿದರು, ಅಷ್ಟೇ. ಆಗಿರಲಿಲ್ಲವೆಂದರೆ ಮಗಳಿಗೆ ಮುರಿಯದ ನೇಮವನ್ನು ನಾಯಿಮರಿಗೆ ಮುರಿದರು. ಅದನ್ನು ಅವರ ಬಾಯಿಂದ ಹೇಳಿಸಲು ನನಗೇನು ಹಕ್ಕು ಎಂದು ಹಲವು ದಿನ ಸುಮ್ಮನಿದ್ದೆ. ಕೊನೆಗೆ ಮೊನ್ನೆ ಅವರು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು ಕೇಳಿಯೇಬಿಟ್ಟೆ. ಕೈ ನಿಂತಿತು. ಆಮೇಲೆ ಮತ್ತೆ ಬಡಿಯತೊಡಗಿದರು, ಹಂಚಿಗೆ ಹಾಕಿದರು, ನೀರು ಸವರಿದರು, ತಿರುವಿದರು, ನಾಯಿಯ ಪಾಲಿನದನ್ನು ಬೇರೆ ಇಟ್ಟರು. ಈವರೆಗೆ ಏನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ಅತ್ಯಾರ, ಮರಿಗಿ ಮದಲನೇ ಸಲ ರೊಟ್ಟಿ ಹಾಕಿದ್ರಲ್ಲ, ಆವತ್ತ ನಿಮ್ಮ ಪೂಜಾ ಆಗಿತ್ತೇನ್ರಿ?”